ಐವತ್ತನಾಲ್ಕು ನಂಬರಿನ ಬೆಳಕು

ಎಂಬತ್ತರ ದಶಕದ ಮೊದಲಲ್ಲಿ ಉಡುಪಿಯ ಬಸ್ ನಿಲ್ದಾಣದ ಹತ್ತಿರ ನನ್ನದೊಂದು ಹೂವಿನ ಅಂಗಡಿ ಇತ್ತು. ಅದಕ್ಕೆ ತಾಗಿಯೇ ಇನ್ನೊಬ್ಬಳದು. ಇಬ್ಬರಿಗೂ ಕಾಪು ಕಡೆಯ ಒಂದೇ ತೋಟದಿಂದ ಮಲ್ಲಿಗೆ ಬರುತ್ತಿತ್ತು. ಹಗಲಿನಲ್ಲಿ ಇಬ್ಬರ ವ್ಯಾಪಾರವೂ ಸಮ. ಸಂಜೆ ದೀಪ ಹಾಕಿದರೆ ಸಾಕು, ಅವಳ ಮಲ್ಲಿಗೆ ಹಾಲಿನಂತೆ ಬೆಳ್ಳಗೆ, ನನ್ನದು ನಿನ್ನೆ ಉಳಿದದ್ದೇನೋ ಎಂಬಂತೆ ಹಳದಿ. ಕಾರ್ಕಳದ ಬಸ್ಸಿಗೆ ಓಡುವ ಹೆಂಗಸರು ನನ್ನ ಹೂವನ್ನು ಒಮ್ಮೆ ನೋಡಿ ಅವಳಲ್ಲಿ ಕೊಳ್ಳುತ್ತಿದ್ದರು. ಮಾರದೆ ಉಳಿದ ಮಲ್ಲಿಗೆ ಬೆಳಿಗ್ಗೆಗೆ ಕಸ. ನನಗೆ ಹೊಟ್ಟೆ ಉರಿಯುತ್ತಿತ್ತು. ನೀರು ಚಿಮುಕಿಸುವುದರಲ್ಲಿ ಇವಳು ಏನೋ ಕಳ್ಳವಿದ್ಯೆ ಕಲಿತಿದ್ದಾಳೆ ಎಂದು ಓರೆಗಣ್ಣಿನಲ್ಲಿ ಕಾಯುತ್ತಿದ್ದೆ. ಆ ಬೆಳಕಿನಲ್ಲಿ ಅವಳ ಮುಖ ಮಾತ್ರ ಬಿಳಿಚಿಕೊಂಡು ಜ್ವರ ಬಂದವಳ ಹಾಗೆ ಕಾಣುತ್ತಿತ್ತು. ನನಗಿದ್ದ ಸಮಾಧಾನ ಅದೊಂದೇ.

ಬೆಳಕು ಸಾಲದೇನೋ ಎಂದುಕೊಂಡೆ. ನನ್ನ ಎರಡಡಿಯ ಟ್ಯೂಬ್‌ಲೈಟ್ ನೆಂಟರ ಬೇಕರಿಯಿಂದ ಬಂದದ್ದು. ಅದನ್ನೇ ಹಿಡಿದುಕೊಂಡು ಇಲೆಕ್ಟ್ರಿಕ್ ಅಂಗಡಿಗೆ ಹೋಗಿ, ಇಂಥದ್ದೇ ದೊಡ್ಡದು ಕೊಡಿ ಎಂದು ಕೇಳಿ ನಾಲ್ಕಡಿಯದನ್ನು ತಂದು ಹಾಕಿಸಿದೆ. ಹಳದಿ ಇನ್ನಷ್ಟು ಎದ್ದು ಕಂಡಿತು!

ಮರುದಿನ ಟ್ಯೂಬ್ ತೆಗೆಸಿಕೊಂಡು ಜಗಳಕ್ಕೇ ಹೋದೆ. ಅಂಗಡಿಯವರು ಅದರ ತುದಿಯಲ್ಲಿ 40/29 ಎಂದು ಅಚ್ಚಾಗಿದ್ದದ್ದನ್ನು ತೋರಿಸಿದರು.

“ನೋಡಿ ಅಕ್ಕ, ನಲವತ್ತು ಅಂದರೆ ವಾಟ್, ನಾಲ್ಕಡಿಯದಕ್ಕೆ ಅಷ್ಟು. ಗೀಟಿನ ಆಚೆ ಇಪ್ಪತ್ತೊಂಬತ್ತು ಉಂಟಲ್ಲ, ಅದು ಬಣ್ಣದ ನಂಬರು. ಹಳದಿ ಬೆಳಕು. ಬೇಕರಿಗೆ ಲಾಯ್ಕ ಆಗ್ತದೆ. ಹೂವಿಗೆ ಐವತ್ತನಾಲ್ಕು ಬೇಕು. ನೀವು ಇಂಥದ್ದೇ ಬೇಕು ಅಂದದ್ದು ಅಲ್ವಾ?”

ಟ್ಯೂಬ್ ಬದಲಿಸಿಕೊಂಡು ವಾಪಸು ಬಂದವಳೇ ಅವಳಿಲ್ಲದ ಹೊತ್ತು ನೋಡಿ ಸ್ಟೂಲು ಹತ್ತಿ ಅವಳ ಟ್ಯೂಬಿನ ತುದಿ ಓದಿದೆ. ಐವತ್ತನಾಲ್ಕು! ಇವಳಿಗೆ ಇದೆಲ್ಲ ಗೊತ್ತಿತ್ತು.

ಆ ಸಂಜೆ ನನ್ನಲ್ಲೂ ಐವತ್ತನಾಲ್ಕು ಉರಿಯಿತು. ನನ್ನ ಮಲ್ಲಿಗೆಯೂ ಬೆಳ್ಳಗೆ ನಗುತ್ತಿತ್ತು. ಕಾರ್ಕಳದ ಬಸ್ಸಿನ ಹೆಂಗಸೊಬ್ಬಳು ನನ್ನಲ್ಲೇ ನಿಂತು, ಹೂವು ಆರಿಸಿ, ನನ್ನ ಮುಖ ನೋಡಿದಳು.

“ಎಂತ ಅಕ್ಕ, ಹುಷಾರಿಲ್ವಾ? ಮುಖ ಎಲ್ಲ ಬಿಳಿಚಿದೆ.”

ನಾನು ಬಾಯಿ ತೆರೆಯುವ ಮೊದಲೇ ಪಕ್ಕದವಳು ನಕ್ಕಳು. “ಎಂತದೂ ಇಲ್ಲ, ಟ್ಯೂಬ್ ಹೊಸತು. ಮೊದಮೊದಲು ನನ್ನನ್ನೂ ಎಲ್ಲರೂ ಹಾಗೇ ಕೇಳುತ್ತಿದ್ದರು.” ಮತ್ತೆ ನನ್ನ ಕಡೆ ತಿರುಗಿ, “ನನ್ನ ಹತ್ತಿರ ಕೇಳಿದ್ದರೆ ನಂಬರು ಹೇಳುತ್ತಿದ್ದೆನಲ್ಲ ಮಾರಾಯ್ತಿ!” ಎಂದಳು.

ಅಂದು ನನ್ನ ಬುಟ್ಟಿ ಪೂರ್ತಿ ಖಾಲಿಯಾಯಿತು. ಹೊಟ್ಟೆಯುರಿ ಆರಲಿಲ್ಲ. ಹೂವಿನ ಬಿಳಿಯನ್ನೇನೋ ಸರಿಸಮ ಮಾಡಿಕೊಂಡಿದ್ದೆ. ಆದರೆ ಆ ನಂಬರು ನನಗೆ ಮೊದಲೇ ಗೊತ್ತಿದ್ದರೆ ನಾನು ಅವಳಿಗೆ ಖಂಡಿತ ಹೇಳುತ್ತಿರಲಿಲ್ಲ.