ಬಡಗಿ ಅಂಚಿನಲ್ಲಿ ಬರೆದದ್ದು

ಲೈಬ್ರರಿಯ ಹಿಂದಿನ ಕೋಣೆಯಲ್ಲಿ ಕೂತು ಹರಿದ ಪುಸ್ತಕಗಳನ್ನು ಹೊಲಿದು ರಟ್ಟು ಹಾಕುವ ಹೆಂಗಸನ್ನು ಎಲ್ಲರೂ ರಟ್ಟಮ್ಮ ಎಂದೇ ಕರೆಯುತ್ತಿದ್ದರು. ಸ್ವಂತ ಹೆಸರು ಸಹಿ ಮಾಡುವಾಗ ಮಾತ್ರ ನೆನಪಾಗುತ್ತದೆ ಎಂದು ಅವಳೇ ನಗುತ್ತಿದ್ದಳು. ಐವತ್ತೆಂಟು ದಾಟಿದ ಮೇಲೆ ಯಾರಾದರೂ ಹೊಸ ಕೆಲಸಕ್ಕೆ ಸೇರುತ್ತಾರೆಯೇ? ಇವಳು ಸೇರಿದಳು. "ಹಾಯಾಗಿ ಮನೇಲಿರೋದು ಬಿಟ್ಟು ಧೂಳು ಕುಡಿಯೋಕೆ ಹೋಗ್ತೀಯಲ್ಲೇ ಅಕ್ಕಾ, ತಲೆ ಕೆಟ್ಟಿದೆಯಾ ನಿಂಗೆ?" ಎಂದು ತಂಗಿ ಬೈದಳು. ಮದುವೆಗೆ ಮುಂಚೆ ಪ್ರೆಸ್ಸಿನಲ್ಲಿ ನೋಟುಪುಸ್ತಕ ಹೊಲಿದ ಕೈ, ಮರೆತುಹೋಗಬಾರದಲ್ಲ ಎಂದು ರಟ್ಟಮ್ಮ ಏನೋ ಒಂದು ನೆಪ ಹೇಳಿದಳು. ನಿಜವಾದ ಕಾರಣ ಅವಳ ಗಂಡ. ಅವನು ಸತ್ತು ಆಗಲೇ ಐದು ತಿಂಗಳಾಗಿತ್ತು.

ಗಂಡ ಬಡಗಿ. ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು. ಆದರೆ ಓದುವ ಹುಚ್ಚು ಅಂದರೆ ಅಂಥಿಂಥದ್ದಲ್ಲ. ಕಾದಂಬರಿ, ತತ್ವಶಾಸ್ತ್ರ, ಮನಶ್ಶಾಸ್ತ್ರ, ಕೈಗೆ ಸಿಕ್ಕಿದ್ದನ್ನೆಲ್ಲ ಇದೇ ಲೈಬ್ರರಿಯಿಂದ ಹೊತ್ತು ತರುತ್ತಿದ್ದ. ಕಿವಿಯ ಹಿಂದೆ ಸದಾ ಸಿಕ್ಕಿಸಿಕೊಂಡ ಚಪ್ಪಟೆ ಪೆನ್ಸಿಲ್ಲಿನಿಂದ, ಹಲಗೆಯ ಮೇಲೆ ಗುರುತು ಹಾಕಿದ ಹಾಗೆ, ಪುಟದ ಅಂಚಿನಲ್ಲಿ ಒತ್ತಿ ಒತ್ತಿ ಬರೆಯುವ ಕೆಟ್ಟ ಚಾಳಿ ಬೇರೆ. "ಊರಿನವರ ಪುಸ್ತಕ ರೀ ಅದು!" ಎಂದರೆ, "ಊರಿನವನೇ ಬರೀತಿರೋದು," ಅನ್ನುತ್ತಿದ್ದ.

ಅವನಿಗೆ ದೇವರಿಲ್ಲ, ಇವಳಿಗೆ ದೇವರಿಲ್ಲದೆ ಬೆಳಗಾಗುವುದಿಲ್ಲ. ಎದ್ದ ತಕ್ಷಣ ಮೂಲೆಯಲ್ಲಿ ಹತ್ತು ನಿಮಿಷ ಕಣ್ಣುಮುಚ್ಚಿ ಕೂರುವಳು. ಕಣ್ಣು ಬಿಟ್ಟ ಕೂಡಲೇ ಅವನು ಶುರು ಹಚ್ಚುವನು: "ಏನಂದ ನಿನ್ನ ದೇವರು? ಟೀಗೆ ಇನ್ನೊಂದು ಚಮಚ ಸಕ್ಕರೆ ಹಾಕು ಅಂದನಾ?" ಇವಳೇನು ಸುಮ್ಮನಿರುವ ಪೈಕಿಯೇ? ಗೋಡೆಗೆ ಒರಗುವ ಕಪಾಟಿನ ಬೆನ್ನನ್ನೂ ಅವನು ಅರ್ಧ ದಿನ ಉಜ್ಜುತ್ತಿದ್ದರೆ, "ಅಲ್ಲಿ ಯಾರು ನೋಡ್ತಾರೆ ಅಂತ ಸಾಯ್ತೀರಿ?" ಎಂದು ಕೆಣಕುವಳು.

"ನಾನು ನೋಡ್ತೀನಲ್ಲ."

"ನಾನು ದೇವರು ಅನ್ನೋದು ಅದನ್ನೇ."

"ಅಯ್ಯೋ ಮಾರಾಯ್ತಿ, ನನ್ನನ್ನೇ ದೇವರು ಮಾಡಿಬಿಟ್ಟೆಯಲ್ಲ!"

ಮೂವತ್ತು ವರ್ಷ ಹೀಗೇ ನಡೆಯಿತು. ಇಬ್ಬರಿಗೂ ಇದು ಊಟದ ಜೊತೆಗಿನ ಉಪ್ಪಿನ ಹಾಗಿತ್ತು, ಕಡಿಮೆಯಾದರೆ ರುಚಿಸುತ್ತಿರಲಿಲ್ಲ.

ಒಂದು ದಿನ ಮಾತ್ರ ಹದ ತಪ್ಪಿತು. ತಂಗಿಯ ಮೊಮ್ಮಗುವಿಗೆ ಜೋರು ಜ್ವರ, ಆಸ್ಪತ್ರೆಗೆ ಸೇರಿಸಿದ್ದರು. ಇವಳು ಬೆಳಗಿನಿಂದ ಮೂಲೆ ಬಿಟ್ಟು ಎದ್ದಿರಲಿಲ್ಲ. ಅವನು ಅಭ್ಯಾಸಬಲದಿಂದ, "ನಿನ್ನ ದೇವರೇ ನೋಡ್ಕೊಳ್ಳೋದಾದ್ರೆ ಡಾಕ್ಟರಿಗ್ಯಾಕೆ ತೊಂದರೆ ಕೊಟ್ರು?" ಅಂದ. ಇವಳಿಗೆ ಮೈಯೆಲ್ಲ ಉರಿದುಹೋಯಿತು. "ಎಷ್ಟು ಓದಿದರೇನು ಬಂತು ರೀ? ನಿಮಗೆ ಎದೆ ಇರೋ ಜಾಗದಲ್ಲಿ ಮರದ ತುಂಡಿದೆ!" ಎಂದುಬಿಟ್ಟಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಮಗುವಿಗೆ ಎರಡು ದಿನದಲ್ಲಿ ಗುಣವಾಯಿತು. ಆದರೆ ಅವನು ಆಮೇಲೆ ಒಂದು ದಿನವೂ ಅವಳ ದೇವರ ಸುದ್ದಿ ಎತ್ತಲಿಲ್ಲ. ಟೀ ಕೊಟ್ಟರೆ ಕುಡಿದ, ಬಡಿಸಿದರೆ ಉಂಡ. ಮನುಷ್ಯ ಯಾಕೆ ಒಳ್ಳೆಯವನಾಗಿರಬೇಕು ಎಂದು ವಾದಿಸುವ ಒಂದು ದಪ್ಪ ಪುಸ್ತಕ ತಂದು, ಬೆನ್ನು ಬಿಚ್ಚಿಹೋಗಿದ್ದ ಅದಕ್ಕೆ ದಾರ ಕಟ್ಟಿಕೊಂಡು, ಮೂರು ತಿಂಗಳು ಅದನ್ನೇ ಓದಿದ, ಅದರಲ್ಲೇ ಬರೆದ. ಕ್ಷಮಿಸಿ ಎಂದು ಕೇಳಲು ಇವಳಿಗೂ ಬಾಯಿ ಬರಲಿಲ್ಲ. ಇವತ್ತು ನಾಳೆ ಅನ್ನುವಷ್ಟರಲ್ಲಿ ಅವನಿಗೇ ಎದೆನೋವು ಬಂತು. ಆಸ್ಪತ್ರೆಗೆ ಹೋದವನು ಹನ್ನೊಂದನೇ ದಿನ ಹೋಗಿಯೇಬಿಟ್ಟ.

ಅವನು ಆಸ್ಪತ್ರೆಯಲ್ಲಿದ್ದಾಗಲೇ ಪಕ್ಕದ ಮನೆಯ ದರ್ಜಿ ಆ ಪುಸ್ತಕವನ್ನು, ವಾಯಿದೆ ಮೀರಬಾರದಲ್ಲ ಎಂದು, ಒಳ್ಳೆಯ ಮನಸ್ಸಿನಿಂದ ಲೈಬ್ರರಿಗೆ ಕೊಟ್ಟುಬಂದ. ಒಳ್ಳೆಯ ಮನಸ್ಸಿನವರಿಂದ ಆಗುವಷ್ಟು ಅನಾಹುತ ಕೆಟ್ಟವರಿಂದಲೂ ಆಗುವುದಿಲ್ಲ ಬಿಡಿ. ರಟ್ಟಮ್ಮನಿಗೆ ಪುಸ್ತಕದ ನೆನಪಾಗಿ ಓಡಿ ಹೋಗುವಷ್ಟರಲ್ಲಿ ಅದು ಬೇರೆ ಯಾರದೋ ಕೈ ಸೇರಿತ್ತು. "ಯಾರು ತಗೊಂಡಿದ್ದಾರೆ ಅಂತ ಹೇಳೋ ಹಾಗಿಲ್ಲಮ್ಮ, ನಿಯಮ," ಎಂದಳು ಲೈಬ್ರರಿ ಮೇಡಂ. ಆ ಮೂರು ತಿಂಗಳು ಅವನು ತನ್ನ ಮೇಲೆ ಮುನಿದುಕೊಂಡೇ ಇದ್ದನೇ? ತನ್ನ ಮಾತು ಎದೆಯಲ್ಲಿಟ್ಟುಕೊಂಡೇ ಹೋದನೇ? ಅವಳಿಗೆ ಬೇಕಾಗಿದ್ದುದು ಇಷ್ಟೇ. ಬೆನ್ನು ಬಿಚ್ಚಿದ ಪುಸ್ತಕ, ಇವತ್ತಲ್ಲ ನಾಳೆ ರಿಪೇರಿ ಕೋಣೆಗೆ ಬರಲೇಬೇಕು ಎಂದು ಲೆಕ್ಕ ಹಾಕಿ, ಅಲ್ಲಿ ಕೆಲಸ ಖಾಲಿಯಾದದ್ದೇ ತಡ, ಹೋಗಿ ಕೂತಳು.

ಆ ಕೋಣೆಯಲ್ಲಿ ಒಂದು ಪದ್ಧತಿ. ಹೊಲಿಯುವ ಮೊದಲು ಪ್ರತಿ ಪುಟ ತಿರುವಿ ಪೆನ್ಸಿಲ್ ಗೀಚನ್ನೆಲ್ಲ ರಬ್ಬರಿನಿಂದ ಅಳಿಸಬೇಕು. ರಟ್ಟಮ್ಮ ಊರಿನವರ ಗೀಚನ್ನೆಲ್ಲ ಅಳಿಸಿದಳು, ಗಂಡನದೊಂದನ್ನು ಬಿಟ್ಟು. ಅವನ ಕೈ ಅಲ್ಲೊಂದು ಇಲ್ಲೊಂದು ಸಿಗುತ್ತಿತ್ತು. ಪ್ರೇಮಕ್ಕಾಗಿ ಪ್ರಾಣ ಬಿಡುವ ಕಾದಂಬರಿಯ ನಾಯಕನ ಪಕ್ಕದಲ್ಲಿ, "ಕೆಲಸವಿಲ್ಲದವನು." ಎಲ್ಲ ದಯೆಯ ಹಿಂದೆಯೂ ಸ್ವಾರ್ಥವಿದೆ ಎನ್ನುವ ಮನಶ್ಶಾಸ್ತ್ರದ ಪಂಡಿತನಿಗೆ, "ಹಾಗಾದರೆ ನಮ್ಮತ್ತೆ ನನಗೆ ಮೀನು ಬಡಿಸಿ ತಾನು ಬರೀ ಸಾರು ಉಂಡಳಲ್ಲ, ಅವಳಿಗೇನು ಲಾಭ?" ಇದನ್ನೋದಿ ರಟ್ಟಮ್ಮ ನಕ್ಕಳು, ನಗುತ್ತಲೇ ಅತ್ತಳು. ಸತ್ತುಹೋದ ಅವಳ ಅಮ್ಮನ ಬಗ್ಗೆ ಅವನು ಒಂದು ದಿನವೂ ಬಾಯಿಬಿಟ್ಟು ಹೀಗೆ ಅಂದವನಲ್ಲ.

"ಇದೊಂದು ಅಳಿಸಿಲ್ಲವಲ್ಲ ರಟ್ಟಮ್ಮ?" ಎಂದು ಮೇಡಂ ಕೇಳಿದಾಗ, "ಅದು ಅಚ್ಚಲ್ಲೇ ಹಾಗೆ ಬಂದಿದೆ ಮೇಡಂ," ಎಂದು ಹಸಿ ಸುಳ್ಳು ಹೇಳಿದಳು. ಮರುದಿನ ಬೆಳಗ್ಗೆ ಮೂಲೆಯಲ್ಲಿ ಕೂತು ಅದಕ್ಕೊಂದು ತಪ್ಪೊಪ್ಪಿಗೆ ಒಪ್ಪಿಸಿದಳು. ಆದರೂ ಅಳಿಸಲಿಲ್ಲ.

ಏಳು ತಿಂಗಳು ಕಾದಳು. ಒಂದು ಮಧ್ಯಾಹ್ನ ನಿವೃತ್ತ ಹೆಡ್‌ಮಿಸ್ಸು ಕೋಲೂರಿಕೊಂಡು ನೇರ ಹಿಂದಿನ ಕೋಣೆಗೇ ಬಂದರು. ಮಂಡಿ ಆಪರೇಷನ್ ಮಾಡಿಸಿಕೊಂಡು ವರ್ಷವೆಲ್ಲ ಮಗಳ ಮನೆಯಲ್ಲಿದ್ದರಂತೆ, ಪುಸ್ತಕವೂ ಜೊತೆಗೇ ಹೋಗಿತ್ತಂತೆ. ಮೇಜಿನ ಮೇಲೆ ಇಟ್ಟರು. ಬಿಚ್ಚಿದ ಬೆನ್ನು, ಅದಕ್ಕೆ ಬಡಗಿ ಕಟ್ಟಿದ ದಾರ.

"ಯಾವನೋ ಅನಾಗರಿಕ ಪುಟದ ತುಂಬ ಗೀಚಿಬಿಟ್ಟಿದ್ದಾನೆ ಕಣಮ್ಮ," ಅಂದರು ಹೆಡ್‌ಮಿಸ್ಸು. "ಮಲಗಿದ್ದಲ್ಲೇ ಮೂರು ವಾರ ಉಜ್ಜಿದ್ದೀನಿ. ಎರಡು ರಬ್ಬರು ಸವೆದುಹೋಯ್ತು. ಒಂದಕ್ಷರ ಬಿಟ್ಟಿಲ್ಲ ನೋಡು."

ರಟ್ಟಮ್ಮ ನೋಡಿದಳು. ಬಿಟ್ಟಿರಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

"ಏನು... ಏನು ಬರೆದಿತ್ತು ಮಿಸ್? ಓದಿದ್ರಾ?"

"ಛೇ ಛೇ! ಬೇರೆಯವರು ತಮಗೋಸ್ಕರ ಬರ್ಕೊಂಡಿದ್ದು, ನಾನ್ಯಾಕಮ್ಮ ಓದಲಿ? ತಪ್ಪಲ್ವಾ?"

ಈ ನೀತಿವಂತೆಗೆ ಏನೆನ್ನುವುದು? "ತುಂಬ ಶ್ರಮ ತಗೊಂಡಿದ್ದೀರಿ," ಅಂದಳು. ಹೆಡ್‌ಮಿಸ್ಸು ಸಂತೋಷದಿಂದ ಹೋದರು.

ರಟ್ಟಮ್ಮ ಪುಸ್ತಕ ಎತ್ತಿಕೊಂಡು ಕಿಟಕಿಯ ಬಳಿ ಹೋಗಿ, ಒಂದು ಪುಟವನ್ನು ಬಿಸಿಲಿಗೆ ಓರೆ ಹಿಡಿದಳು. ರಬ್ಬರು ಕಪ್ಪನ್ನು ತೆಗೆಯುತ್ತದೆ, ಒತ್ತಿದ್ದನ್ನು ತೆಗೆಯುವುದಿಲ್ಲ. ಮರಕ್ಕೆ ಗೆರೆ ಹೊಡೆದ ಕೈ ಹಾಳೆಯನ್ನು ಕೊರೆದೇ ಇತ್ತು. ಅಕ್ಷರದ ಮೇಲೆ ಬೆರಳಾಡಿಸುತ್ತ, ಕೂಡಿಸಿಕೊಳ್ಳುತ್ತ ಓದಿದಳು. "ಸುಳ್ಳು." "ಇದು ನಿಜ." "ಇವನಿಗೆ ಹಸಿವು ಗೊತ್ತಿಲ್ಲ." ತನ್ನ ಸುದ್ದಿ ಎಲ್ಲೂ ಇಲ್ಲ. ಬಿಸಿಲು ಇಳಿದು ಕಿಟಕಿಯ ಚೌಕಟ್ಟಿಗೆ ಸರಿಯುವ ಹೊತ್ತಿಗೆ, ಕೊನೆಯ ಅಧ್ಯಾಯದಲ್ಲಿ ಒಂದು ಸಾಲು ಸಿಕ್ಕಿತು. ಪ್ರಾರ್ಥಿಸುವ ಮನುಷ್ಯ ತನ್ನ ಜೊತೆ ತಾನೇ ಮಾತಾಡಿಕೊಳ್ಳುತ್ತಾನೆ, ಅಷ್ಟೇ ಎಂದು ಬರೆದಿದ್ದ ಆ ಪುಸ್ತಕದ ಪಂಡಿತ. ಅದರ ಪಕ್ಕದಲ್ಲಿ, ಅಂಚಿನುದ್ದಕ್ಕೂ, ಬಡಗಿಯ ಕೈ:

"ಇರಲಾರದು. ಅವಳು ಕಣ್ಣು ಬಿಟ್ಟಾಗ ಮುಖ ನೋಡಿದ್ದೇನೆ. ಒಂದು ದಿನ ಪಕ್ಕದಲ್ಲಿ ಕೂತು ನೋಡಬೇಕು. ಇಷ್ಟು ವರ್ಷ ನಕ್ಕವನು, ಈಗ ಕೇಳಲು ನಾಚಿಕೆ."

ರಟ್ಟಮ್ಮ ಅದನ್ನು ಬೆರಳಿನಿಂದ ಇನ್ನೊಮ್ಮೆ ಓದಿದಳು. ಪಕ್ಕದ ಕೋಣೆಯಲ್ಲಿ ಮೇಡಂ ಬೀರುಗಳ ಬಾಗಿಲು ಹಾಕುವ ಸದ್ದು ಕೇಳುತ್ತಿತ್ತು.

"ಕೇಳೋದೇನಿತ್ತು ರೀ," ಎಂದಳು ಪುಟಕ್ಕೆ. "ಸುಮ್ನೆ ಬಂದು ನಿಂತಿದ್ರೆ ಸಾಕಾಗಿತ್ತು, ಸರಿದು ಜಾಗ ಬಿಡ್ತಿರಲಿಲ್ವಾ ನಾನು?"