ಯಮನೂರಮ್ಮನ ಗಪ್ಪಿ ಸಂಸಾರ

ಬೆಳಕು ಈಗಷ್ಟೇ ಹರಿಯುತ್ತಿದೆ. ವಳಕಮದಿನ್ನಿಯ ತಮ್ಮ ಮನೆಯ ಹಿತ್ತಲಲ್ಲಿ ಯಮನೂರಮ್ಮ ಸಿಮೆಂಟ್ ತೊಟ್ಟಿಯ ಮೇಲೆ ಬಗ್ಗಿದ್ದಾರೆ. ನೀರೊಳಗೆ ಉಗುರಿನಷ್ಟೇ ಉದ್ದದ ಗಂಡುಮೀನೊಂದು ಕಿತ್ತಳೆ ಬಾಲ ಬಿಚ್ಚಿ, ಮೈ ಬಳುಕಿಸಿ, ತನ್ನ ಎರಡರಷ್ಟು ದಪ್ಪಗಿರುವ ಹೆಣ್ಣಿನ ಮುಂದೆ ಕುಣಿಯುತ್ತಿದೆ. ಪಕ್ಕದ ಸಣಕಲು ಹೆಣ್ಣನ್ನು ಅದು ತಿರುಗಿಯೂ ನೋಡುವುದಿಲ್ಲ.

"ನೋಡ್ರಿ, ಬಣ್ಣ ಎಲ್ಲಾ ಇವಂದು. ಆದ್ರ ಆಕಿ ಬಣ್ಣ ನೋಡಾಂಗಿಲ್ಲ ಇವ, ಹೊಟ್ಟಿ ನೋಡ್ತಾನ. ದೊಡ್ಡ ಹೊಟ್ಟಿಯಾಗ ಮರಿ ಜಾಸ್ತಿ" ಎಂದು ನಗುತ್ತಾರೆ.

ಇವು ಗಪ್ಪಿ ಮೀನುಗಳು. ಸೊಳ್ಳೆಮರಿಗಳೇ ಇವುಗಳ ಊಟ. ಯಮನೂರಮ್ಮ ಇವನ್ನು ಬೆಳೆಸಿ, ಕೊಡದಲ್ಲಿ ಹೊತ್ತು, ಸುತ್ತಲಿನ ಹಳ್ಳಿಗಳ ತೊಟ್ಟಿ, ಬಾವಿಗಳಿಗೆ ಬಿಡುತ್ತಾರೆ. ಬಿಸಿಲೇರುವ ಹೊತ್ತಿಗೆ ಭತ್ತದ ನಾಟಿ ಕೂಲಿಗೆ ಹೋಗಿರುತ್ತಾರೆ.

ಇದೆಲ್ಲ ಶುರುವಾದದ್ದು ಮಗಳು ಪ್ರಿಯಾಂಕಾಳ ಡೆಂಗಿ ಜ್ವರದಿಂದ. ಸಿಂಧನೂರಿನ ಆಸ್ಪತ್ರೆಯಲ್ಲಿ ಹುಡುಗಿ ದಿನಗಟ್ಟಲೆ ಕಣ್ಣು ಬಿಡದೆ ಮಲಗಿದ್ದಳು. ಮಗಳು ಬದುಕಿ ಮನೆಗೆ ಬಂದ ಮೇಲೆ ಆಶಾ ಕಾರ್ಯಕರ್ತೆ ಅಖ್ತರಬೇಗಂ ಇವರ ಮನೆಯ ತೊಟ್ಟಿಯಲ್ಲಿ ಮಿಜಿಗುಡುವ ಸೊಳ್ಳೆಮರಿಗಳನ್ನು ತೋರಿಸಿದರು. ಮರುದಿನ ಒಂದು ಚೊಂಬಿನಲ್ಲಿ ಗಪ್ಪಿ ತಂದುಕೊಟ್ಟರು. "ನನ್ನ ಮಗಳ ಜೀವ ತಿನ್ನಾಕ ಬಂದದ್ದನ್ನ ಈ ಮೀನ ತಿಂತಾವಂದ್ರ, ನಾ ಹೆಂಗ ಸುಮ್ಮನ ಕುಂದ್ರಲಿ?" ಎಂದು ಕೇಳುತ್ತಾರೆ ಯಮನೂರಮ್ಮ.

ತವರೂರು ಸಂತೆಕಲ್ಲೂರಿಗೆ ಮೀನು ಒಯ್ದಾಗ ಮೊದಲು ಗದರಿದವರು ಲಿಂಗಪೂಜೆಯ ಮನೆತನದ ಹಿರಿಯಜ್ಜಿ ಬಸವಣ್ಣೆಮ್ಮ. "ಮೀನ ಅನ್ನೂದು ನಮ್ಮ ಅಂಗಳಕ್ಕ ಬಂದಿಲ್ಲ ಬೇ!" "ತಿನ್ನಾಕ ಅಲ್ರಿ ಎವ್ವಾ, ಸಾಕಾಕ" ಎಂದು ಇವರು ಪಟ್ಟು ಹಿಡಿದರು. ತಮ್ಮ ತೋಟದ ಮೆಟ್ಟಿಲು ಬಾವಿಯ ನೀರನ್ನು ಬೊಗಸೆಯಲ್ಲಿ ಎತ್ತಿ, ಅದರೊಳಗೆ ಹರಿದಾಡುವ ಸೊಳ್ಳೆಮರಿಗಳನ್ನು ಕಣ್ಣಾರೆ ಕಂಡ ಮೇಲೆ ಅಜ್ಜಿ ಬಾವಿಗೆ ಮೀನು ಬಿಡಲು ಒಪ್ಪಿದರು.

ಹೋದ ಬೇಸಿಗೆಯಲ್ಲಿ ಕಾಲುವೆ ನೀರು ಬಂದ್ ಆಗಿ, ಯಮನೂರಮ್ಮನ ತೊಟ್ಟಿಯ ನೀರು ತಳ ಕಂಡಿತು. ಇವರು ಕೂಲಿಗೆ ಹೋದಾಗ ಬೆಳ್ಳಕ್ಕಿಗಳು ಇಳಿದು ದಪ್ಪ ಹೆಣ್ಣುಗಳನ್ನೇ ಆರಿಸಿ ತಿಂದವು. ಉಳಿದದ್ದು ಗಂಡುಗಳ ಹಿಂಡು ಮತ್ತು ನಾಲ್ಕಾರು ಸಣಕಲು ಹೆಣ್ಣು. ವಾರಗಟ್ಟಲೆ ಕಾದರೂ ಮರಿ ಕಾಣಲಿಲ್ಲ. ಮಳೆಗಾಲ ಹತ್ತಿರ ಬರುತ್ತಿತ್ತು. "ರಾತ್ರಿ ನಿದ್ದಿ ಹತ್ತಲಿಲ್ರಿ. ಯಾರ ಮನ್ಯಾಗ ಜ್ವರ ಬರ್ತೈತೋ ಅಂತ."

ಖಾಲಿ ಕೊಡ ಹಿಡಿದು ಮಸ್ಕಿಗೆ ಬಸ್ಸು, ಅಲ್ಲಿಂದ ಶೇರ್ ಆಟೊ. ಸೀದಾ ಬಸವಣ್ಣೆಮ್ಮನ ಬಾಗಿಲಿಗೆ.

"ಎವ್ವಾ, ನಿಮ್ಮ ಬಾವ್ಯಾಗಿನ ಹೆಣ್ಣ ಕೊಡ್ರಿ."

"ಹೆಣ್ಣ ಕೇಳಾಕ ಬಂದಾಕಿ ಬರಿಗೈಲೆ ಬರ್ತಾಳೇನ?" ಎಂದು ಅಜ್ಜಿ ನಕ್ಕರಂತೆ. ಆಮೇಲೆ ತಾವೇ ಮೆಟ್ಟಿಲಿಳಿದು, ಹಳೆಯ ಸೀರೆಯ ಒಂದು ತುದಿ ಹಿಡಿದು ನೀರಿಗೆ ಇಳಿಬಿಟ್ಟರು. ಇನ್ನೊಂದು ತುದಿ ಯಮನೂರಮ್ಮನ ಕೈಯಲ್ಲಿ. "ಇಕಿ ನೋಡು, ತುಂಬಿದ ಬಸುರಿ. ಹಗೂರಕ ಹಿಡಿ" ಎಂದು, ಹುಟ್ಟಿದಾಗಿನಿಂದ ಮೀನು ಮುಟ್ಟದ ಆ ಜೀವ ಒಂದೊಂದನ್ನೇ ಆರಿಸಿ ಕೊಡಕ್ಕೆ ಬಿಟ್ಟಿತು.

ಊರಿಗೆ ತಂದು ತೊಟ್ಟಿಗೆ ಸುರಿದದ್ದೇ ತಡ, ಗಂಡುಗಳೆಲ್ಲ ಹೊಸಬರ ಹಿಂದೆ. "ಹೊಸಾಕಿ, ಅದರಾಗ ಮೈತುಂಬಿದಾಕಿ! ಹಳೇ ಗುರ್ತಿನವರನ್ನ ಮರತೇಬಿಟ್ರು ನೋಡ್ರಿ" ಎಂದು ಯಮನೂರಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿ ನಗುತ್ತಾರೆ. ಮಳೆ ಬೀಳುವಷ್ಟರಲ್ಲಿ ಪಾಚಿಯ ಸಂದಿಯಲ್ಲೆಲ್ಲ ಕಣ್ಣೇ ಮೈಯಾದಂಥ ಮರಿಗಳು. ತೊಟ್ಟಿಯ ಮೇಲೀಗ ಬಲೆ ಬಿಗಿದಿದ್ದಾರೆ.

ಇಷ್ಟೆಲ್ಲ ಮಾಡಿದರೂ ಊರಲ್ಲಿ ಯಾರೂ ಒಂದು ಮಾತು ಆಡುವುದಿಲ್ಲವಲ್ಲ, ಬೇಸರವಿಲ್ಲವೇ? ಯಮನೂರಮ್ಮ ತುಂಬಿದ ಕೊಡವನ್ನು ಸೊಂಟಕ್ಕೇರಿಸುತ್ತಾರೆ.

"ಜ್ವರ ಬಂದ್ರ ಯಾಕ ಬಂತು ಅಂತ ಕೇಳ್ತಾರ್ರಿ. ಬರಲಿಲ್ಲಂದ್ರ ಯಾಕ ಬರಲಿಲ್ಲ ಅಂತ ಯಾರ ಕೇಳ್ತಾರ? ಕೇಳದಂಗ ಇರಲಿ. ನನಗ ಅಷ್ಟ ಸಾಕು."