ಬಾಗಿಲಿನ ಆಚೆ ತಲೆ, ಈಚೆ ಬಾಲ

ಹಲಗೆಯ ಬಣ್ಣ ಹೊಡೆದ ಮುಖ ಯಾವಾಗಲೂ ಮಳೆಗೆ ಎದುರಾಗಿರಬೇಕು. ಐದನೇ ಕ್ಲಾಸು ಬಿಟ್ಟು ಉಳಿ ಹಿಡಿದ ಮೊದಲ ವರ್ಷವೇ ನಾನು ಇದನ್ನು ಕಲಿತೆ. ಶಾಲೆಯಲ್ಲಿ ಕಲಿತದ್ದರಲ್ಲಿ ಮುಕ್ಕಾಲು ಪಾಲು ಮರೆತುಹೋಗಿದೆ, ಇದು ಮರೆತಿಲ್ಲ. ಈ ಒಂದು ಮಾತಿನಿಂದ ಒಂದು ಮನೆಯ ಸಂಬಂಧವೇ ತಪ್ಪಿಹೋಗುವುದರಲ್ಲಿತ್ತು. ಆದರೂ ನಾನು ಮಾತು ಬಿಟ್ಟುಕೊಡಲಿಲ್ಲ.

ಎರಡು ಸಾವಿರದ ಇಸವಿ ಕಳೆದು ಒಂದೆರಡು ವರ್ಷ ಆಗಿರಬೇಕು. ಮೊಬೈಲು ಇನ್ನೂ ಎಲ್ಲರ ಕಿಸೆಗೆ ಬಂದಿರಲಿಲ್ಲ. ಕುಂದಾಪುರದ ಆಚೆ ತ್ರಾಸಿ ದಾಟಿ ನಾವುಂದಕ್ಕೆ ಹೋಗುವಾಗ ಹೆದ್ದಾರಿಯ ಬದಿಗೇ ಒಂದು ಮನೆ. ಯಜಮಾನರು ಮುಂಬೈಯ ಹೋಟೆಲಿನಲ್ಲಿ ಇಪ್ಪತ್ತು ವರ್ಷ ದುಡಿದು ಊರಿಗೆ ಬಂದವರು. ಮನೆ ಕಟ್ಟಿಸುವಾಗ ಮುಂಬಾಗಿಲಿನ ಎಡಕ್ಕೊಂದು, ಬಲಕ್ಕೊಂದು ಆಳೆತ್ತರದ ಕಿಟಕಿ ಇಡಿಸಿದರು. ಚೌಕಟ್ಟು ನನ್ನದೇ ಕೆಲಸ. ಅದಕ್ಕೆ ಬರೀ ಗಾಜು. ಕಬ್ಬಿಣದ ಸರಳು ಹಾಕಿಸಿ ಎಂದು ನಾನು ಮೂರು ಸಲ ಹೇಳಿದೆ.

"ಸರಳ್ ಹಾಕುಕೆ ಇದೆಂತ ಪೊಲೀಸ್ ಠಾಣೆಯಾ ಆಚಾರ್ರೇ? ಮುಂಬೈಯಂಗೆ ದೊಡ್ ದೊಡ್ ಹೋಟ್ಲಿಗೆ ಯಾರೂ ಹಾಕುದಿಲ್ಲೆ" ಎಂದರು.

ನಾನು ಮುಂಬೈ ಕಂಡವನಲ್ಲ, ಹೇಳಿದ ಹಾಗೆ ಗಾಜು ಕೂರಿಸಿದೆ. ಊರಿನವರು ಅದನ್ನು ಗ್ಲಾಸಿನ ಮನೆ ಎಂದು ಕರೆಯತೊಡಗಿದರು. ಕೊನೆಕೊನೆಗೆ ಬಸ್ಸಿನ ಕಂಡಕ್ಟರೂ "ಗ್ಲಾಸಿನ ಮನೆ ಇಳೀರಿ" ಎಂದು ಕೂಗುವಷ್ಟು ಅದು ಹೆಸರು ಮಾಡಿತು.

ಮೇ ತಿಂಗಳ ಕೊನೆಯ ಒಂದು ಶನಿವಾರ, ಮಧ್ಯಾಹ್ನ ಕಳೆದು ಸಮುದ್ರದ ಕಡೆಯಿಂದ ಗಾಳಿಮಳೆ ಎದ್ದಿತು. ಆ ಮನೆಯ ಪಕ್ಕದಲ್ಲಿ ಮುಚ್ಚಿಹೋದ ಒಂದು ಊಟದ ಹೋಟೆಲು ಇತ್ತು. ನಡೆಸುತ್ತಿದ್ದವರು ಬಾಗಿಲು ಹಾಕಿ ಪುಣೆಗೆ ಹೋಗಿ ಎರಡು ವರ್ಷವಾಗಿತ್ತು. ಅದರ ಮಾಡಿನ ತಗಡು ಕಿತ್ತು ಹಾರಿತು. ಒಂದು ತಗಡು ಎಡಗಡೆಯ ಗಾಜಿಗೆ ಬಡಿಯಿತು, ಇನ್ನೊಂದು ಬಲಗಡೆಯದಕ್ಕೆ. ಯಾರಿಗೂ ಬೇಸರವಾಗಬಾರದು ಎಂದು ಹಂಚಿಕೊಂಡ ಹಾಗೆ.

ನನಗೆ ಹೇಳಿಕಳಿಸಿದರು. ಹೋಗಿ ನೋಡಿದರೆ ಚಾವಡಿಯಲ್ಲಿ ಪಾದ ಮುಳುಗುವಷ್ಟು ನೀರು, ಗಾಜಿನ ಚೂರು, ಸಾಲದ್ದಕ್ಕೆ ಬೀದಿನಾಯಿಯೊಂದು ಒಳಗೆ ಬಂದು ಹೊಸ ಸೋಫಾದ ಮೇಲೆ ಮಲಗಿತ್ತು. ಯಜಮಾನರು ನಾಯಿಯನ್ನು ಓಡಿಸುವುದೋ, ನೀರು ಬಳಿಯುವುದೋ ತಿಳಿಯದೆ ಕೊಡೆ ಹಿಡಿದು ಮನೆಯೊಳಗೇ ನಿಂತಿದ್ದರು.

"ಆಚಾರ್ರೇ, ಎಂತಾರೂ ಮಾಡಿ ಇದನ್ ಮುಚ್ಚಿ. ನಾಳೆ ಮಧ್ಯಾಹ್ನ ಬ್ರಹ್ಮಾವರದವ್ರ್ ಹೆಣ್ಣ್ ಕಾಂಬುಕೆ ಬತ್ರ್."

ಹೆಣ್ಣು ಎಂದರೆ ಹಿರಿಮಗಳು. ಕುಂದಾಪುರದ ಟೈಲರ್ ಅಂಗಡಿಯಲ್ಲಿ ಹೊಲಿಗೆ ಮಾಡುತ್ತಿದ್ದಳು, ಒಳ್ಳೆಯ ಕೆಲಸಗಾರ್ತಿ. ಅವಳನ್ನು ಮೊದಲೇ ಎರಡು ಕಡೆಯವರು ನೋಡಿಹೋಗಿದ್ದರು. ಒಬ್ಬರು ಮಾತು ಜಾಸ್ತಿ ಎಂದರು, ಇನ್ನೊಬ್ಬರು ಶಿರಾ ಉಪ್ಪಿಟ್ಟು ಎರಡೆರಡು ಸಲ ಹಾಕಿಸಿಕೊಂಡು ತಿಂದು ಹೋಗಿ ಹೌದು ಅಲ್ಲ ಒಂದೂ ಹೇಳಲಿಲ್ಲ. ನೀರು ಬಳಿಯುತ್ತಿದ್ದವಳು ನನ್ನೆದುರೇ ಅಪ್ಪನಿಗೆ ಹೇಳಿದಳು:

"ಅಪ್ಪಯ್ಯ, ಇದೇ ಕಡೇ ಸಲ. ನಾಳೆಯವ್ರೂ ಹಾಂಗೇ ಮಾಡಿರೆ ನಾನ್ ಮತ್ತ್ ಯಾರ್ ಎದ್ರಿಗೂ ತಟ್ಟೆ ಹಿಡ್ಕಂಡ್ ಬಪ್ಪುದಿಲ್ಲೆ."

ಯಜಮಾನರ ಮುಖ ಗಾಜಿಗಿಂತ ಹೆಚ್ಚು ಒಡೆದುಹೋಯಿತು.

ಭಾನುವಾರ ಕುಂದಾಪುರದಲ್ಲಿ ಗಾಜಿನ ಅಂಗಡಿ ತೆರೆಯುವುದಿಲ್ಲ. ಅಷ್ಟು ದೊಡ್ಡ ಕಿಟಕಿ ಮುಚ್ಚುವ ಪ್ಲೈವುಡ್ಡೂ ನನ್ನಲ್ಲಿರಲಿಲ್ಲ. ಆಗ ಕಣ್ಣಿಗೆ ಬಿದ್ದದ್ದು ಅಂಗಳದಲ್ಲಿ ಬೋರಲು ಬಿದ್ದಿದ್ದ ಬೋರ್ಡು. ಪಕ್ಕದ ಹೋಟೆಲಿನದೇ, ತಗಡಿನ ಹಿಂದೆಯೇ ಹಾರಿಬಂದದ್ದು. ಒಳ್ಳೆಯ ದಪ್ಪ ಪ್ಲೈವುಡ್ಡು, ಉದ್ದ ಅಗಲ ಎರಡೂ ಕಿಟಕಿಗೆ ಸಾಕಾಗುವಷ್ಟು. ಮಗುಚಿದರೆ ನೀಲಿ ಬಣ್ಣದ ಮೇಲೆ ಹಳದಿಯ ಒಂದು ದೊಡ್ಡ ಮೀನು, ಅದರ ಮೇಲೆ "ಬಿಸಿ ಬಿಸಿ ಮೀನು ಊಟ ತಯಾರಿದೆ".

ನಡುವಿಗೆ ಗರಗಸ ಹಾಕಿ ಎರಡು ತುಂಡು ಮಾಡಿದೆ. ಒಂದರಲ್ಲಿ ಮೀನಿನ ತಲೆ ಮತ್ತು "ಬಿಸಿ ಬಿಸಿ ಮೀನು", ಇನ್ನೊಂದರಲ್ಲಿ ಬಾಲ ಮತ್ತು "ಊಟ ತಯಾರಿದೆ".

"ಅಕ್ಷರ ಒಳ್ಗ್ ಮಾಡಿ ಹೊಡಿನಿ ಆಚಾರ್ರೇ" ಎಂದರು ಯಜಮಾನರು.

"ಬಣ್ಣ ಇಲ್ದಿದ್ ಮುಖ ಮಳಿಗೆ ಕೊಟ್ರೆ ಬೆಳಿಗ್ಗಿಗೆ ಉಬ್ಬಿ ಕಡುಬ್ ಆತ್ತ್. ನನ್ ಕೆಲ್ಸ ನಂಗೊತ್ತಿತ್ತ್."

"ಮೀನ್ ಕಾಣ್ತಲೆ ಮಾರಾಯ್ರೇ!"

"ಸಮುದ್ರದ್ ಬದಿ ಮನಿ. ಮೀನಲ್ದೆ ಆನಿ ಕಾಂಕಾ?"

ನಾನು ಮಳೆಯಲ್ಲೇ ನಿಂತು ಹೊಡೆದೆ. ಅವಸರದ ಕೆಲಸ ಎಂದು ಹೇಗೆ ಹೇಗೋ ಹೊಡೆದು ಹೋಗುವ ಜನ ಬೇರೆ. ನಾನು ಮಟ್ಟ ಇಟ್ಟು, ನೂಲು ಹಿಡಿದು, ಎಡಗಡೆಯ ಕಣ್ಣಿಗೂ ಬಲಗಡೆಯ ಬಾಲಕ್ಕೂ ಒಂದೇ ಗೆರೆ ಬರುವಂತೆ ಕೂರಿಸಿದೆ. ರಸ್ತೆಗೆ ಹೋಗಿ ನಿಂತು ನೋಡಿದೆ. ಬಾಗಿಲಿನ ಆಚೆ ತಲೆ, ಈಚೆ ಬಾಲ, ಮೀನಿನ ಹೊಟ್ಟೆ ಇರಬೇಕಾದಲ್ಲಿ ಸರಿಯಾಗಿ ಮುಂಬಾಗಿಲು. ಈಗ ಯೋಚಿಸಿದರೆ, ಒಂದಿಷ್ಟು ಸೊಟ್ಟ ಹೊಡೆದಿದ್ದರೆ ಏನೂ ಆಗುತ್ತಿರಲಿಲ್ಲ. ಸೊಟ್ಟ ಇದ್ದ ಬೋರ್ಡನ್ನು ಯಾರೂ ನಂಬುವುದಿಲ್ಲ.

ಯಜಮಾನರ ಸಮಾಧಾನಕ್ಕೆ ಎರಡರ ಮೇಲೂ ಹಳೆಯ ಬೆಡ್‌ಶೀಟು ಇಳಿಬಿಟ್ಟು ಮನೆಗೆ ಬಂದೆ.

ಮರುದಿನ ಬೆಳಿಗ್ಗೆ ಚುರುಕು ಬಿಸಿಲು. ಮಳೆಗೆ ಉಬ್ಬಿದ ಅಡುಗೆಮನೆಯ ಹಿಂಬಾಗಿಲನ್ನು ತುಸು ಕೀಸಿಕೊಡಬೇಕು ಎಂದು ಯಜಮಾನರ ಹೆಂಡತಿ, ನಾನು ಅಕ್ಕ ಎಂದೇ ಕರೆಯುತ್ತಿದ್ದವರು, ಮೊದಲೇ ಹೇಳಿದ್ದರು. ಹಿತ್ತಲಿನಿಂದ ಹೋಗಿ ಕೀಸುಳಿ ಹಿಡಿದು ಕೂತೆ. ಒಳಗೆ ಶಿರಾ, ಗೇರುಬೀಜ ಹಾಕಿದ ಉಪ್ಪಿಟ್ಟು ತಯಾರಾಗಿತ್ತು. ಭಾನುವಾರವಾದ್ದರಿಂದ ಮನೆಯವರಿಗೆಂದು ಬಂಗುಡೆ ಸಾರೂ ಆಗಿತ್ತು, ಹುರಿಯಲು ಮಸಾಲೆ ಸವರಿದ ಬಂಗುಡೆಯೂ ನಾಲ್ಕಿದ್ದವು. ಆದರೆ ಹೆಣ್ಣು ನೋಡಲು ಬಂದವರ ಮೂಗಿಗೆ ಮೀನು ಹೊಡೆಯಬಾರದು ಎಂದು ಪಾತ್ರೆಯ ಮುಚ್ಚಳದ ಮೇಲೆ ಕಲ್ಲಿಟ್ಟು, ಸುತ್ತ ನಾಲ್ಕು ಊದಿನಕಡ್ಡಿ ಹಚ್ಚಿದ್ದರು. ಬಂಗುಡೆಗೆ ಪೂಜೆ ಮಾಡಿದ ಹಾಗೆ ಕಾಣುತ್ತಿತ್ತು.

ಗಂಟೆ ಒಂದಾಯಿತು, ಒಂದೂವರೆಯಾಯಿತು. ಕೊನೆಗೆ ಮುಂದುಗಡೆ ವ್ಯಾನು ನಿಂತ ಸದ್ದು. ಯಜಮಾನರು "ಬನಿ ಬನಿ, ಒಳ್ಗ್ ಬನಿ" ಎನ್ನುವುದು ಕೇಳಿತು. ಎರಡು ನಿಮಿಷಕ್ಕೆ ಅವರು ಅಡುಗೆಮನೆಗೆ ಓಡಿಬಂದರು.

"ಹ್ವಾಯ್, ಕೇಂಡ್ಯಾ? ಅವ್ರ್ ಊಟ ಕೇಂತ್ರ್. ಅದೂ ಮೀನಿನ್ ಊಟ!"

"ಉಪ್ಪಿಟ್ಟ್ ಇತ್ತಂದೇಳಿ ಹೇಳುಕಾಗ್ದಾ?" ಎಂದರು ಅಕ್ಕ.

"ಹೇಳ್ದೆ. ಆ ಗಂಡ್ ಮಾಣಿ ಸೋದರಮಾವ ಹೇಳ್ತ್ರ್, ಉಪ್ಪಿಟ್ಟ್ ತಿಂಬುಕೆ ಇಲ್ಲಿಗ್ ಯಾಕ್ ಬರ್ಕಿತ್ತ್ ಅಂದೇಳಿ. ಹುರ್ದದ್ದ್ ಬೇಕಂಬ್ರ್. ಬೇಗ ಆಯ್ಕಂಬ್ರ್."

"ಸಂಕೋಚ ಇಲ್ದಿದ್ ಜನ" ಎಂದು ಮೆಚ್ಚಿಕೊಂಡೇ ಯಜಮಾನರು ತಿರುಗಿ ಚಾವಡಿಗೆ ಹೋದರು. ಅಕ್ಕ ಬೆರಗಾಗಿ ಬಂಗುಡೆಯ ಮೇಲಿನ ಕಲ್ಲು ಇಳಿಸಿದರು.

ನನಗೆ ಮಾತ್ರ ನನ್ನ ಹಲಗೆ ಮಳೆ ತಡೆದದ್ದು ಹೇಗೆ ಎಂದು ನೋಡುವ ಆಸೆ. ಮನೆಗೆ ಸುತ್ತುಹಾಕಿ ಮುಂದೆ ಹೋದೆ. ಬೆಡ್‌ಶೀಟಿಲ್ಲ! ಯಜಮಾನರ ತಾಯಿ, ಕಣ್ಣು ಮಂಜಾದ ಅಜ್ಜಿ, ಜಗಲಿಯ ತುದಿಯಲ್ಲಿ ಕೂತು ಅವನ್ನು ಮಡಚುತ್ತಿದ್ದರು.

"ಒಣಗಿದ್ ವಸ್ತ್ರ ಒಳ್ಗ್ ಹಾಕುಕೆ ಈ ಮನಿಯಂಗೆ ನಾನೇ ಆಯ್ಕ್" ಎಂದರು ನನ್ನ ಹೆಜ್ಜೆ ಸದ್ದಿಗೆ.

ತಲೆ ಎತ್ತಿದರೆ ಬಿಸಿಲಿಗೆ ಹಳದಿ ಮೀನು ಥಳಥಳ. ಹಲಗೆ ಒಂದು ನೂಲಿನಷ್ಟೂ ಉಬ್ಬಿರಲಿಲ್ಲ. ಅದು ಖುಷಿ. ಆದರೆ ಮೀನಿನ ಹೊಟ್ಟೆಯೆದುರು ಬ್ರಹ್ಮಾವರದ ವ್ಯಾನು ನಿಂತಿತ್ತು, ಚಾಲಕ ಅದಕ್ಕೆ ಒರಗಿದ್ದ.

"ಬೆಳಿಗ್ಗಿಂದ ಗ್ಲಾಸಿನ ಮನೆ ಹುಡ್ಕಿ ಹುಡ್ಕಿ ಬೈಂದೂರಿನವರಿಗೂ ಹೋಯಿ ಬಂದ್ವ್" ಎಂದ ಅವನು. "ಸಂಬಂಧ ಹೇಳ್ದವ್ರೇ ದಾರಿ ತೋರ್ಸುಕ್ ಬಪ್ಪುದಿತ್ತ್, ಅವ್ರಿಗೆ ಬಸ್ ಸಿಕ್ಲಿಲ್ಲೆ ಕಾಂತ್. ಗ್ಲಾಸ್ ಕಂಡ್ರೆ ಗೊತ್ತಾತ್ತ್ ಅಂದೇಳಿ ನಾವ್ ಯಾರ್ ಹತ್ರೂ ಕೇಂಡದ್ದಿಲ್ಲೆ. ಹಸಿವ್ ತಡೂಕಾಯ್ದೆ ಈ ಹೋಟ್ಲ್ ಕಂಡ್ ನಿಲ್ಸದ್ದ್. ಊಟ ಹ್ಯಾಂಗಿರತ್ತ್ ಇಲ್ಲ್?"

ನನ್ನ ಕೈಯಲ್ಲಿದ್ದ ಕೀಸುಳಿ ಜಾರಿ ಕಾಲ ಮೇಲೆ ಬಿತ್ತು. ಇವರು ಉಂಡು, ಕೈತೊಳೆದು, ಗ್ಲಾಸಿನ ಮನೆ ಹುಡುಕಿಕೊಂಡು ಹೋಗಿಬಿಟ್ಟರೆ? ಊರಲ್ಲಿ ಅಂಥ ಮನೆಯೇ ಇಲ್ಲ ಎಂದು ಬ್ರಹ್ಮಾವರಕ್ಕೆ ವಾಪಸು. ಆ ಹುಡುಗಿ ಮತ್ತೆ ಯಾರೆದುರೂ ಬರುವುದಿಲ್ಲ. ಎಲ್ಲವೂ ನಾನು ಮಟ್ಟಸವಾಗಿ ಹೊಡೆದ ಹದಿನಾರು ಮೊಳೆಯಿಂದ.

ಕುಂಟುತ್ತ ಅಡುಗೆಮನೆಗೆ ಹೋಗಿ ಅಕ್ಕನಿಗೂ ಮಗಳಿಗೂ ಹೇಳಿದೆ. ಬೈಗುಳಕ್ಕೆ ತಯಾರಾಗಿಯೇ ಹೇಳಿದೆ. ಅಕ್ಕ ಹಣೆ ಚಚ್ಚಿಕೊಂಡು ಹೊರಟರು, ಈಗಲೇ ಹೋಗಿ ಹೇಳುವುದಕ್ಕೆ. ಮಗಳು ಸೆರಗು ಹಿಡಿದು ನಿಲ್ಲಿಸಿದಳು.

"ಆಚಾರ್ರೇ, ಅವ್ರಿಗೆ ನಾನ್ ಯಾರಂದೇಳಿ ಗೊತ್ತಿಲ್ಲೆ ಅಲ್ದಾ?"

"ಗೊತ್ತಿಲ್ಲೆ."

"ಅಬ್ಬಿ, ನೀನ್ ಬಂಗುಡಿ ಹುರಿ. ಯಾರೂ ಬಾಯಿ ಬಿಡುಕಿಲ್ಲೆ. ಎರಡ್ ಸಲ ಬಂದವ್ರ್ ನನ್ ಕಂಡದ್ದಾಯ್ತ್. ಈ ಸಲ ನಾನ್ ಕಾಂತೆ."

ಮುಡಿದ ಮಲ್ಲಿಗೆ ತೆಗೆದು ಗೂಟಕ್ಕೆ ಸಿಕ್ಕಿಸಿದಳು, ಕೈ ಒರೆಸುವ ಒಂದು ತುಂಡು ಬೈರಾಸು ಹೆಗಲಿಗೆ ಹಾಕಿಕೊಂಡು ಅನ್ನದ ಪಾತ್ರೆ ಹಿಡಿದು ಹೊರಟಳು. ಕಿಟಕಿಯ ಸಂದಿನಲ್ಲಿ ಇಣುಕೋಣವೆಂದರೆ ಸಂದು ಬಿಡುವ ಜಾತಿಯವನಲ್ಲ ನಾನು. ಅಡುಗೆಮನೆಯ ಬಾಗಿಲ ಮರೆಯಲ್ಲಿ ನಿಂತೆ.

ಚಾವಡಿಯಲ್ಲಿ ಹುಡುಗ, ಅವನ ತಾಯಿ, ಸೋದರಮಾವ ಊಟಕ್ಕೆ ಕೂತಿದ್ದರು. ಯಜಮಾನರು ಅವರ ಎದುರು ಕೂತು ಸಂಬಂಧದ ಮಾತು ತೆಗೆದಿದ್ದರು.

"ಗದ್ದೆ ಎಷ್ಟಿತ್ತ್ ನಿಮ್ದ್?"

ಸೋದರಮಾವ ಹುಡುಗನ ಕಡೆ ತಿರುಗಿ ಮೆಲ್ಲಗೆ, "ಈ ಹೋಟ್ಲಿನವ್ರಿಗೆ ನಮ್ ಗದ್ದೆ ಎಂತಕೆ?" ಎಂದರು. ಗಟ್ಟಿಯಾಗಿ, "ಇತ್ತ್ ಸುಮಾರ್. ಸಾರ್ ಬರ್ಲಿ" ಎಂದರು.

"ಮಾಣಿಗೆ ಅಭ್ಯಾಸ ಎಂತಾರೂ ಇತ್ತಾ? ಸಿಗ್ರೇಟ್ ಗಿಗ್ರೇಟ್?"

"ಸಿಗ್ರೇಟ್ ಬ್ಯಾಡ. ಬೀಡಾ ಇದ್ರೆ ಕಡಿಗ್ ಕೊಡಿ."

ಹುಡುಗಿ ಬಡಿಸುತ್ತ ಬಂದಳು. ಹುಡುಗ ಸಾರು ಕಲಸಿ ಬಾಯಿಗಿಟ್ಟು ಯೋಚಿಸಿದ.

"ಹುಳಿ ಒಂಚೂರ್ ಮುಂದ್ ಆಯ್ತಲ್ದಾ?"

"ಮುಂದ್ ಆರೆ ಪಕ್ಕದ್ ಹೋಟ್ಲಿಗ್ ಹೋಯ್ಲಕ್ಕ್."

"ಪಕ್ಕದ್ದ್ ಮುಚ್ಚಿತ್ತಲೆ."

"ಹಂಗಾರೆ ಉಣ್ಣಿ."

ಹುಡುಗ ಕೆಮ್ಮಿದ, ಆಮೇಲೆ ನಕ್ಕ, ಆಮೇಲೆ ಇನ್ನಷ್ಟು ಸಾರು ಹಾಕಿಸಿಕೊಂಡ. ಮಗಳ ಬಾಯಿ ಕೇಳಿ ಯಜಮಾನರ ಜೀವ ಅರ್ಧವಾಗಿತ್ತು. ಕಣ್ಣಲ್ಲೇ ಬೇಡ ಬೇಡ ಎನ್ನುತ್ತಿದ್ದರು.

ಹುರಿದದ್ದು ಬರುವುದು ತಡವಾಯಿತು ಎಂದು ಸೋದರಮಾವ ಮೇಜು ಕುಟ್ಟಿದರು. "ಹ್ವಾಯ್! ಬಂಗುಡಿ ಹಿಡೂಕೆ ಹೋಯ್ದ್ರಾ ಎಂತ? ನಮ್ಗ್ ಬೇರೆ ಕಡಿಗ್ ಹೋಪುಕಿತ್ತ್!"

"ಮಾವ, ಅವ್ರಿಗೂ ಎರಡೇ ಕೈ ಇಪ್ಪುದ್" ಎಂದ ಹುಡುಗ. "ಬಿಸಿ ಬಿಸಿ ಅಂದೇಳಿ ಹೊರ್ಗೇ ಬರ್ದಿರಲೆ. ಕಾಯ್ಕ್."

ಇಷ್ಟಕ್ಕೆ ಹುಡುಗಿ ಒಳಗೆ ಬಂದಳು. ಅಕ್ಕ ಕಾವಲಿಯ ಮೇಲೆ ಮೀನು ಮಗುಚುತ್ತಿದ್ದರು. "ಹ್ಯಾಂಗೆ?" ಎಂದು ಹುಬ್ಬಲ್ಲೇ ಕೇಳಿದರು.

"ಮಾವ ಬೊಬ್ಬೆ. ಮಾಣಿ ಅಬ್ಬಿ ಸಾಧು. ಮಾಣಿ ಮುಳ್ಳ್ ಚಂದ ಬಿಡಿಸ್ತ, ಒಂದ್ ಅಗುಳ್ ಬಿಟ್ಟದ್ದಿಲ್ಲೆ" ಎಂದಳು. ಸ್ವಲ್ಪ ತಡೆದು, "ದೊಡ್ ತುಂಡ್ ಅವ್ರಿಗೇ ಹಾಕ್" ಎಂದಳು.

ಅಕ್ಕ ನನ್ನ ಮುಖ ನೋಡಿದರು, ನಾನು ತಲೆ ಎತ್ತಿ ಮಾಡು ನೋಡಿದೆ.

ಊಟ ಮುಗಿಯಿತು. ಸೋದರಮಾವ ತೇಗಿ, ಕಿಸೆಗೆ ಕೈ ಹಾಕಿ, ಯಜಮಾನರಿಗೆ ಹೇಳಿದರು: "ಊಟ ಲಾಯ್ಕಿತ್ತ್. ಬಿಲ್ಲ್ ಕೊಡಿ. ಮತ್ತೆ, ಇಲ್ಲೆಲ್ಲೋ ಗ್ಲಾಸಿನ ಮನೆ ಇತ್ತಂಬ್ರಲೆ, ಹೆಣ್ಣಿಪ್ಪ ಮನೆ. ನಿಮ್ಗ್ ಗೊತ್ತಿತ್ತಾ?"

ಯಜಮಾನರು ಎದ್ದು ನಿಂತರು, ಕೂತರು, ಮತ್ತೆ ಎದ್ದರು. ಬೀಡಾ ತಟ್ಟೆ ಹಿಡಿದು ಬಂದ ಹುಡುಗಿ ಅದನ್ನು ಸೋದರಮಾವನ ಎದುರಿಟ್ಟು ಹೇಳಿದಳು: "ಇದೇ ಆ ಮನೆ. ಗ್ಲಾಸ್ ನಿನ್ನೆ ಹೋಯ್ತ್. ಹೆಣ್ಣ್ ನಾನೇ. ನಂಗೆ ನಿಮ್ ಮಾಣಿ ಆತ್ತ್. ಇನ್ನ್ ನೀವ್ ಹೇಳಿ."

ಸೋದರಮಾವನ ಕೈ ಕಿಸೆಯಲ್ಲೇ ಉಳಿಯಿತು. ಮೊದಲು ನಕ್ಕವರು ಹುಡುಗನ ತಾಯಿ. ಅಲ್ಲಿಯವರೆಗೆ ಒಂದು ಮಾತೂ ಆಡದ ಹೆಂಗಸು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. "ಕೂಸೇ, ಬಡ್ಸುವಾಗ್ಳೇ ಗೊತ್ತಿತ್ತಾ ನಿಂಗೆ? ಹುಳಿ ಮಾತಿಗೇ ನನ್ ಮಾಣಿ ಬಾಯಿ ಮುಚ್ಚಿಸ್ದೆ ನೀನ್" ಎಂದು ಮಗನ ಬೆನ್ನಿಗೆ ಒಂದು ಗುದ್ದಿದರು. ಹುಡುಗ ಕಿವಿಯವರೆಗೆ ಕೆಂಪಾಗಿ, "ಹುಳಿ ಸಮಾ ಇತ್ತ್" ಎಂದ. ಅದೇ ಒಪ್ಪಿಗೆ ಎಂದು ಎಲ್ಲರಿಗೂ ತಿಳಿಯಿತು.

ಆಗ ಯಜಮಾನರಿಗೆ ಮಾತು ಬಂತು. ಬಂದ ಮೊದಲ ಮಾತು "ಆಚಾರ್ರೇ!"

ಹೊರಗೆ ಬಂದೆ. ಎಲ್ಲರೂ ಅಂಗಳಕ್ಕಿಳಿದು ಮೀನು ನೋಡುತ್ತಿದ್ದರು. ಕ್ಷಮೆ ಕೇಳಬೇಕು ಎಂದೇ ಬಾಯಿ ತೆರೆದೆ. ಆದರೆ ಬಂದದ್ದು, "ಬಣ್ಣದ್ ಮುಖ ಮಳಿಗೇ ಕೊಡ್ಕ್. ಬೇಕಾರೆ ಮುಟ್ಟಿ ಕಾಣಿ, ಎಲ್ಲಾದ್ರೂ ಉಬ್ಬಿತ್ತಾ?"

ಸೋದರಮಾವ ನಿಜವಾಗಿಯೂ ಹೋಗಿ ಮುಟ್ಟಿ ನೋಡಿದರು. ಬಾಲದಿಂದ ತಲೆಯವರೆಗೆ ಒಂದು ಕಣ್ಣು ಮುಚ್ಚಿ ಗೆರೆ ಹಿಡಿದರು. "ಸೊಟ್ಟ ಇಲ್ಲೆ ಮಾರಾಯ" ಎಂದರು. ಅಷ್ಟು ಹೊಗಳಿಕೆ ನನಗೆ ಸಾಕು.

ಮಂಗಳವಾರ ಗಾಜು ತಂದೆ. ಯಜಮಾನರು ಬೋರ್ಡು ತೆಗೆಯಲು ಬಿಡಲೊಲ್ಲರು. "ಸಣ್ಣವ್ಳ್ ಒಬ್ಳ್ ಇತ್ತಲೆ, ಅವ್ಳದ್ದ್ ಆಪುವರಿಗೆ ಇರ್ಲಿ" ಎಂದರು. ಅಕ್ಕ ಒಳಗಿನಿಂದಲೇ ಕೂಗಿದರು: "ನಿನ್ನೆಯಿಂದ ಹನ್ನೊಂದ್ ಜನ ಊಟ ಕೇಂಡ್ ಬಂದ್ರ್. ತೆಗೀತ್ರೋ, ನಾನ್ ತವ್ರ್ ಮನಿಗ್ ಹೋಯ್ಕೋ?" ತೆಗೆದೆ. ಈ ಸಲ ಗಾಜಿನ ಹಿಂದೆ ಸರಳೂ ಹಾಕಿದೆ, ಯಾರೂ ಪೊಲೀಸ್ ಠಾಣೆಯ ಮಾತೆತ್ತಲಿಲ್ಲ.

ಎರಡು ಹಲಗೆಗಳನ್ನು ಹುಡುಗಿ ಕೇಳಿ ಇಟ್ಟುಕೊಂಡಳು. ಮದುವೆಯಾದ ಮೇಲೆ ಬ್ರಹ್ಮಾವರಕ್ಕೆ ಅದೇ ವ್ಯಾನಿನ ಮಾಡಿಗೆ ಕಟ್ಟಿಸಿಕೊಂಡು ಹೋದಳಂತೆ. ಹತ್ತು ಹನ್ನೆರಡು ವರ್ಷ ಕಳೆದು ಆ ಕಡೆ ಒಂದು ಬಾಗಿಲಿನ ಕೆಲಸಕ್ಕೆ ಹೋದಾಗ ನೋಡಿದೆ, ಅವರ ಕೋಳಿಗೂಡಿಗೆ ಆ ಹಲಗೆಗಳದೇ ಮಾಡು. ಒಂದು ಬದಿಗೆ ತಲೆ, ಇನ್ನೊಂದು ಬದಿಗೆ ಬಾಲ. ಗಂಡ ತಾನೇ ಹೊಡೆದದ್ದಂತೆ, ಸೊಟ್ಟಂಬಟ್ಟ. ಆದರೆ ಬಣ್ಣದ ಮುಖ ಮೇಲೆಯೇ ಇತ್ತು. ಅವಳೇ ನಿಂತು ಹೊಡೆಸಿದಳಂತೆ. ಕೈಯಿಂದ ಸವರಿ ನೋಡಿದೆ, ಎಲ್ಲಿಯೂ ಉಬ್ಬಿರಲಿಲ್ಲ.